ಎಂಟು ಪುಟ ಮಂಗಾ, ಒಂದು ಸ್ಟಾಫ್ ರೂಮು: ತರೀಕೆರೆ ಕಡೆಯ ಹೈಸ್ಕೂಲೊಂದರ ಪ್ರಕರಣ

ತೊಂದರೆ ಶುರುವಾಗಿದ್ದೇ ಹೆಸರಿನಿಂದ. ಜಪಾನಿನ ಚಿತ್ರಕಥೆ ಪುಸ್ತಕಗಳಿಗೆ ಮಂಗಾ ಅಂತ ಹೆಸರು. ನಮ್ಮ ಕಡೆ ಆ ಪದ ಕಿವಿಗೆ ಬಿದ್ದರೆ ಕಣ್ಣಿಗೆ ಬರೋದು ತೆಂಗಿನ ಮರ ಹತ್ತಿ ಎಳನೀರು ಕೆಡವಿ ಹೋಗುವ ಹಿಂಡು. ಸ್ಟಾಫ್ ಮೀಟಿಂಗಿನಲ್ಲಿ ನಾನು "ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಪೀರಿಯಡ್ಡಿಗೆ ಸ್ವಲ್ಪ ಮಂಗಾ ತರ್ತೀನಿ ಸರ್" ಅಂದೆ. ಎಚ್‌ಎಂ ಕನ್ನಡಕ ಇಳಿಸಿ ನೋಡಿದರು. "ಇರೋವು ಸಾಲ್ದಾ ಮೇಡಂ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಮುಗಿದ ಮೇಲೆ ನಡೆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ತರೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲು. ಕನ್ನಡ ಮಾಧ್ಯಮ. ಇಂಗ್ಲಿಷ್ ಇಲ್ಲಿ ದ್ವಿತೀಯ ಭಾಷೆ. ಎಸ್ಸೆಸ್ಸೆಲ್ಸಿಗೆ ಹೋದರೆ 80 ಅಂಕದ ಪೇಪರು, 20 ಆಂತರಿಕ. ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಮನೆಗಳಲ್ಲಿ ಇರೋದು ಅಡಿಕೆ, ತೆಂಗು, ಒಂದು ಫೋನು, ಒಂದು ಟಿವಿ. ಆ ಟಿವಿಯಲ್ಲಿ ಡೋರೆಮಾನ್ ಅನ್ನೋ ಜಪಾನಿ ಕಾರ್ಟೂನು.

ಮಕ್ಕಳಿಗೆ ಇಷ್ಟವಾಯಿತಾ ಅಂತ ಎಲ್ಲರೂ ಕೇಳುತ್ತಾರೆ. ಇಷ್ಟವಾಯಿತು. ಆ ಮಾತು ಅಲ್ಲಿಗೆ ಮುಗಿಯಿತು. ಮೇಷ್ಟ್ರುಗಳಿಗೆ ಏನನ್ನಿಸಿತು ಅನ್ನೋದು ಮಾತ್ರ ಅಷ್ಟು ಬೇಗ ಮುಗಿಯುವ ವಿಷಯವಾಗಿರಲಿಲ್ಲ.

ತಂದಿದ್ದು ಏನು

ಬೆಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗ ಒಂದು ಹಳೇ ಪುಸ್ತಕ ಕೊಟ್ಟಿದ್ದ. ಜಪಾನಿನ ಹಳ್ಳಿ ಶಾಲೆಯ ಮಕ್ಕಳ ಕಥೆ, ಇಂಗ್ಲಿಷಿಗೆ ಅನುವಾದವಾಗಿದ್ದು. ಕತ್ತಿ ಇಲ್ಲ, ರಾಕ್ಷಸ ಇಲ್ಲ. ಮಳೆ ಬರುತ್ತದೆ, ಬಸ್ಸು ತಪ್ಪುತ್ತದೆ, ಟಿಫಿನ್ ಡಬ್ಬಿ ಮರೆತುಹೋಗುತ್ತದೆ, ಅಷ್ಟೇ. ಅದರಲ್ಲಿ ಎಂಟು ಪುಟ ಆರಿಸಿಕೊಂಡೆ. ಮಂಗಾ ಹೆಚ್ಚಾಗಿ ಕಪ್ಪು ಬಿಳುಪಿನಲ್ಲೇ ಅಚ್ಚಾಗುತ್ತದೆ. ಜೆರಾಕ್ಸ್ ಮಾಡಿಸಿದರೂ ಗೆರೆ ಹಾಗೇ ನಿಲ್ಲುತ್ತದೆ. ನಮ್ಮ ಪಠ್ಯಪುಸ್ತಕದ ಬಣ್ಣದ ಚಿತ್ರ ಜೆರಾಕ್ಸ್ ಆದರೆ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ಸರ್ಕಾರಿ ಶಾಲೆಯ ಮೇಷ್ಟ್ರು ಸಾಮಗ್ರಿ ಆರಿಸುವಾಗ ಇದೆಲ್ಲ ಲೆಕ್ಕಕ್ಕೆ ಬರುತ್ತದೆ, ದುಡ್ಡು ನಮ್ಮ ಪರ್ಸಿನದೇ ಅಲ್ವಾ.

ಮಂಗಾ ಓದೋದು ಬಲದಿಂದ ಎಡಕ್ಕೆ. ನಮಗೆ ಕೊನೆಯ ಪುಟ ಯಾವುದೋ ಅದೇ ಅವರಿಗೆ ಮೊದಲ ಪುಟ. ಇಂಗ್ಲಿಷಿಗೆ ತಂದಾಗಲೂ ಈಗ ಬಹಳಷ್ಟು ಪ್ರಕಾಶಕರು ಚಿತ್ರಗಳನ್ನು ತಿರುಗಿಸದೆ ಹಾಗೇ ಬಿಡುತ್ತಾರೆ. ಆಗ ಚಿತ್ರದ ಚೌಕಗಳು ಬಲದಿಂದ ಎಡಕ್ಕೆ ಓಡುತ್ತವೆ, ಒಳಗಿನ ಇಂಗ್ಲಿಷ್ ಸಾಲು ಎಡದಿಂದ ಬಲಕ್ಕೆ. ಇದು ಮಕ್ಕಳಿಗಿಂತ ಜಾಸ್ತಿ ನಮಗೇ ತಲೆ ತಿರುಗಿಸಿತು. ಈ ದಿಕ್ಕಿನ ವಿಷಯ ಮುಂದೆ ಎರಡು ಸಲ ಬರುತ್ತದೆ, ನೆನಪಿರಲಿ.

ಎಚ್‌ಎಂ ಬೇಡ ಅನ್ನಲಿಲ್ಲ. ಹತ್ತನೇ ಕ್ಲಾಸಿನ ಹತ್ತಿರ ತರಬಾರದು ಅಂದರು. ಕ್ಲಾಸಿನಲ್ಲಿ ಮಕ್ಕಳ ಕೈಗೆ ಫೋನ್ ಬರಬಾರದು ಅಂದರು. ಪಾಠಯೋಜನೆಯಲ್ಲಿ ಮಂಗಾ ಅಂತ ಬರೆಯದೆ ಚಿತ್ರಕಥೆ ಅಂತ ಬರೆಯಿರಿ ಅಂದರು. ಅವರಿಗೆ ಮಂಗಾ ಮೇಲೆ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ವಿಷಯ ಪರಿವೀಕ್ಷಕರು ಬಂದು ಡೈರಿ ತೆಗೆದರೆ ಏನು ಕಾಣುತ್ತದೆ ಅನ್ನೋದಷ್ಟೇ ಅವರ ಚಿಂತೆ. ಇದನ್ನು ನಾನು ತಪ್ಪು ಅನ್ನೋಲ್ಲ. ಉತ್ತರ ಕೊಡಬೇಕಾದವರು ಅವರೇ.

ಸಮಾಜ ವಿಜ್ಞಾನದ ಸರ್ ಮಾತ್ರ ಕಾಪಿರೈಟ್ ಎತ್ತಿದರು. "ಜೆರಾಕ್ಸ್ ಮಾಡಿ ಹಂಚೋದು ಕಾನೂನಾ?" ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ, ಪಾಠ ಮಾಡುವಾಗ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಇದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಮೇಲೆ ದೊಡ್ಡ ಪ್ರಕಾಶಕರು ಹಾಕಿದ್ದ ಕೇಸಿನಲ್ಲಿ 2016ರಲ್ಲಿ ದೆಹಲಿ ಹೈಕೋರ್ಟು ಇದನ್ನೇ ಎತ್ತಿಹಿಡಿಯಿತು. ಅಷ್ಟು ಹೇಳಿದೆ. "ಸರಿ, ಆದ್ರೆ ಇದು ನಮ್ಮ ಸಂಸ್ಕೃತಿ ಅಲ್ಲ" ಅಂದರು. ಮಂಗಾ ಲೋಕದ ದೊಡ್ಡಪ್ಪ ಅನ್ನಬಹುದಾದ ಒಸಾಮು ತೆಜುಕಾ 1972ರಿಂದ 1983ರವರೆಗೆ ಬುದ್ಧನ ಬದುಕನ್ನೇ ಮಂಗಾ ಮಾಡಿದ್ದರು ಅಂದೆ. ಬಾಣ ತಿರುಗಿ ನನಗೇ ಬಡಿಯಿತು. "ಬುದ್ಧನ್ನೂ ಬಿಡ್ಲಿಲ್ವಾ?" ಅಂದರು. ಆ ಪುಸ್ತಕದ ಕೆಲವು ಪುಟಗಳಲ್ಲಿ ಜನರ ಮೈಮೇಲೆ ಬಟ್ಟೆ ಕಡಿಮೆ ಅನ್ನೋದನ್ನು ನಾನು ಹೇಳಲಿಲ್ಲ.

ಸೀನಿಯರ್ ಸರ್ ಮತ್ತು ರಜೆ ಚೀಟಿ

ನಮ್ಮಲ್ಲಿ ಇಂಗ್ಲಿಷಿಗೆ ಇಬ್ಬರು. ಹತ್ತನೇ ಕ್ಲಾಸು ಸೀನಿಯರ್ ಸರ್ ಅವರದು. ನಿವೃತ್ತಿಗೆ ಹತ್ತಿರ ಇದ್ದಾರೆ. ಗ್ರಾಮರ್ ಅಂದರೆ ಪ್ರಾಣ. ನನ್ನ ಎಂಟು ಪುಟ ಇಸಿದುಕೊಂಡು ಮಧ್ಯಾಹ್ನ ಪೂರ್ತಿ ಕೂತು ಓದಿದರು. ಇದನ್ನು ಗಮನಿಸಬೇಕು. ಹೊಗಳಿದವರು ಯಾರೂ ಓದಿರಲಿಲ್ಲ, ಬೈದವರು ಓದಿದರು.

ಸಂಜೆ ವಾಪಸ್ ಕೊಟ್ಟಾಗ ಮೊದಲ ಪುಟದ ತುಂಬ ಕೆಂಪು ಗೆರೆ. "ಹಾ?", "ನೋ ವೇ!", "ವ... ವಾಟ್?", "ಗಾಟ್ಟ ಗೋ!" (ಹೋಗ್ಬೇಕು ಅನ್ನೋದರ ಆಡುಮಾತು) ಎಲ್ಲಕ್ಕೂ ಅಡ್ಡಗೆರೆ. "ಮೇಡಂ, ಈ ಪುಟದಲ್ಲಿ ಸಬ್ಜೆಕ್ಟ್, ವರ್ಬ್ ಎರಡೂ ಇರೋ ವಾಕ್ಯ ಒಂದೇ ಒಂದು ಇದೆ. ಇದು ಭಾಷೆನಾ, ಉದ್ಗಾರನಾ?" ಇನ್ನೊಂದು ವಿಷಯ ಅವರ ಕಣ್ಣಿಗೆ ಬಿದ್ದಿತ್ತು, ನಾನು ನೋಡಿಯೇ ಇರಲಿಲ್ಲ. ಚಿತ್ರಕಥೆಯಲ್ಲಿ ಪಾತ್ರದ ಮಾತು ಬರೆಯುವ ಗುಳ್ಳೆಯೊಳಗಿನ ಇಂಗ್ಲಿಷನ್ನು ಸಾಮಾನ್ಯವಾಗಿ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲೇ ಬರೆದಿರುತ್ತಾರೆ. "ವಾಕ್ಯ ಶುರುವಿಗೆ ಕ್ಯಾಪಿಟಲ್, ಊರ ಹೆಸರಿಗೆ ಕ್ಯಾಪಿಟಲ್ ಅಂತ ಹೇಳಿ ಹೇಳಿ ಗಂಟಲು ಹೋಗಿದೆ. ನೀವು ಇದನ್ನ ಕೊಡ್ತೀರಾ?"

ನಾನು ಅದನ್ನು ಹಳೇ ಕಾಲದವರ ಮಾತು ಅಂದುಕೊಂಡೆ. ಮೂರೇ ವಾರದಲ್ಲಿ ಗೊತ್ತಾಯಿತು. ಎಫ್‌ಎ ಟೆಸ್ಟಿನಲ್ಲಿ, ಅಂದರೆ ವರ್ಷದ ನಡುವಿನ ಕಿರು ಪರೀಕ್ಷೆಯಲ್ಲಿ, ರಜೆ ಚೀಟಿ ಬರೆಯೋ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗ ಎಚ್‌ಎಂಗೆ ಬರೆದ: "ಐ ಗಾಟ್ಟ ಗೋ ಟು ಮೈ ಅಂಕಲ್ಸ್ ಮ್ಯಾರೇಜ್." ಕೊನೆಗೆ ಮೂರು ಆಶ್ಚರ್ಯ ಚಿಹ್ನೆ. ಅವರ ಮಾವನ ಮದುವೆಗೆ ಅಷ್ಟು ಆಶ್ಚರ್ಯ ಯಾಕೋ ಗೊತ್ತಿಲ್ಲ. ಸೀನಿಯರ್ ಸರ್ ಆ ಹಾಳೆಯನ್ನು ಟೀ ಟೈಮಿನಲ್ಲಿ ಎಲ್ಲರಿಗೂ ಓದಿ ಹೇಳಿದರು. ಬಿಸಿಯೂಟದ ಅಕ್ಕನವರಿಗೂ ವಿಷಯ ಮುಟ್ಟಿತು.

ಅವರು ಹೇಳಿದ್ದು ನಿಜವಾಗಿತ್ತು. ಮಂಗಾದಲ್ಲಿ ಇರೋದು ಆಡುವ ಇಂಗ್ಲಿಷು, ಪರೀಕ್ಷೆ ಕೇಳೋದು ಬರೆಯುವ ಇಂಗ್ಲಿಷು. ಎರಡರ ನಡುವೆ ಇರುವ ದೂರವನ್ನು ನಾನು ಮಕ್ಕಳಿಗೆ ತೋರಿಸಿರಲೇ ಇಲ್ಲ. ಹಾಗಾಗಿ ಮುಂದಿನ ವಾರದಿಂದ ಕೆಲಸ ತಿರುಗಿಸಿದೆ. ಗುಳ್ಳೆಯಲ್ಲಿರೋದನ್ನು ಓದಿದ ಮೇಲೆ ಅದನ್ನು ರಿಪೋರ್ಟೆಡ್ ಸ್ಪೀಚಿಗೆ, ಅಂದರೆ ಅವಳು ಹೀಗೆ ಅಂದಳು ಅನ್ನೋ ರೂಪಕ್ಕೆ, ತರಬೇಕು. ಮಕ್ಕಳು ಇದಕ್ಕೆ "ಗುಳ್ಳೆ ಒಡೆಯೋದು" ಅಂತ ಹೆಸರಿಟ್ಟರು.

ಇಲ್ಲೇ ಒಂದು ಒಳ್ಳೇದು ಸಿಕ್ಕಿತು. ವ್ಯಾಕರಣದ ಅಭ್ಯಾಸದಲ್ಲಿ ಉದ್ಧರಣ ಚಿಹ್ನೆಯೊಳಗೆ ಬರೀ ವಾಕ್ಯ ಇರುತ್ತದೆ. ಹೇಳಿದವರ ಮುಖ ಕಾಣೋಲ್ಲ. ಅದಕ್ಕೇ ಮಕ್ಕಳು ಎಲ್ಲದಕ್ಕೂ "ಸೆಡ್" ಹಾಕುತ್ತಾರೆ. ಮಂಗಾದಲ್ಲಿ ಮುಖ ಇದೆ, ಗುಳ್ಳೆಗೆ ಆಕಾರವೂ ಇದೆ. ಮುಳ್ಳುಮುಳ್ಳಾದ ಗುಳ್ಳೆ ಅಂದರೆ ಕಿರುಚಾಟ. ಚುಕ್ಕಿ ಗೆರೆಯ ಗುಳ್ಳೆ ಪಿಸುಮಾತು. ಮೋಡದ ಹಾಗಿದ್ದರೆ ಮನಸ್ಸಿನೊಳಗಿನ ಮಾತು. ಈಗ "ಶೌಟೆಡ್", "ವಿಸ್ಪರ್ಡ್", "ವಂಡರ್ಡ್", "ಬೆಗ್ಡ್" ಎಲ್ಲಾ ಬೇಕಾಯಿತು. ಬರೀ "ಸೆಡ್" ಬರೆದರೆ ಪಕ್ಕದವಳೇ ಹಿಡಿಯುತ್ತಿದ್ದಳು: "ಏ, ಅವಳು ಹೇಳ್ತಿಲ್ಲ ಕಣೋ, ಅಳ್ತಿದ್ದಾಳೆ ನೋಡು."

ಸೀನಿಯರ್ ಸರ್ ಕಿಟಕಿ ಪಕ್ಕ ಹಾದುಹೋಗುವಾಗ ಇದನ್ನು ಕೇಳಿಸಿಕೊಂಡರು. ಏನೂ ಹೇಳಲಿಲ್ಲ. ಮಾರನೇ ದಿನ ಆ ಎಂಟು ಪುಟದ ಇನ್ನೊಂದು ಪ್ರತಿ ಬೇಕು ಅಂದರು. ಯಾಕೆ ಸರ್ ಅಂದೆ. "ಸುಮ್ನೆ" ಅಂದರು.

ನಾನು ಎಡವಿದ್ದು

ಇದನ್ನು ಬರೆಯೋಕೆ ಮುಜುಗರ. ಆದರೂ ಬರೆಯದಿದ್ದರೆ ಪ್ರಕರಣ ಅರ್ಧ.

ನಮ್ಮಲ್ಲಿ ಕಲಿಕೆಯಲ್ಲಿ ಹಿಂದಿರುವ ಮಕ್ಕಳಿಗೆ ಸಂಜೆ ವಿಶೇಷ ತರಗತಿ ಇದೆ. ಹತ್ತನೇ ಕ್ಲಾಸಿನವರಿಗೆ ಅಲ್ಲಿ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗೋಕೆ ಸಾಕಾಗುವಷ್ಟು ಪ್ರಶ್ನೆ ಉತ್ತರ. ಒಂಬತ್ತಕ್ಕೂ ಅದೇ ಗಾಳಿ ಬೀಸುತ್ತದೆ. ನಾನು ಮಂಗಾ ಪುಟಗಳನ್ನು ಮೊದಲು ಆ ಸಂಜೆ ಗುಂಪಿಗೇ ಕೊಟ್ಟಿದ್ದೆ. ಚಿತ್ರ ಇದೆ, ಮಾತು ಕಡಿಮೆ, ಹಾಗಾಗಿ ಸುಲಭ ಅಂತ ನನ್ನ ಲೆಕ್ಕ. ಸ್ಟಾಫಿನಲ್ಲಿ ನನ್ನನ್ನು ಬೆಂಬಲಿಸಿದವರೆಲ್ಲ ಇದೇ ಕಾರಣಕ್ಕೆ ಬೆಂಬಲಿಸಿದ್ದರು. "ಹಿಂದಿರೋರಿಗೆ ಒಳ್ಳೇದು ಬಿಡಿ, ನಲಿಕಲಿ ಥರ." ನಲಿಕಲಿ ಅಂದರೆ ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಟದ ಮೂಲಕ ಮಾಡುವ ಪಾಠ.

ಎರಡನೇ ದಿನ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಮಿಸ್, ಇದು ದಡ್ಡರ ಪುಸ್ತಕನಾ?" ಅವಳ ದನಿಯಲ್ಲಿ ಜಗಳ ಇರಲಿಲ್ಲ. ಸುಮ್ಮನೆ ತಿಳಿದುಕೊಳ್ಳೋಕೆ ಕೇಳಿದಳು.

ಇನ್ನೂ ವಿಚಿತ್ರ ಅಂದರೆ, ಅವರಿಗೆ ಇದು ಸುಲಭವೂ ಆಗಿರಲಿಲ್ಲ. "ಗಾಟ್ಟ" ಅನ್ನೋದು ನಿಘಂಟಿನಲ್ಲಿ ಹುಡುಕಿದರೆ ಕೆಲವರಿಗೆ ಸಿಗೋಲ್ಲ. ಅರ್ಧಕ್ಕೆ ನಿಂತ ವಾಕ್ಯ ಪೂರ್ತಿ ಮಾಡಿಕೊಳ್ಳೋಕೆ ಮೊದಲೇ ಭಾಷೆ ಗೊತ್ತಿರಬೇಕು. ಒಂದು ಚೌಕದಲ್ಲಿ ಹುಡುಗಿ ಕೊಡೆ ಹಿಡಿದು ಓಡುತ್ತಾಳೆ, ಮುಂದಿನ ಚೌಕದಲ್ಲಿ ಬಸ್ಸಿನೊಳಗೆ ಒದ್ದೆಯಾಗಿ ಕೂತಿದ್ದಾಳೆ, ಕೊಡೆ ಇಲ್ಲ. ನಡುವೆ ನಡೆದದ್ದು ಎರಡು ಚೌಕಗಳ ನಡುವಿನ ಖಾಲಿ ಜಾಗದಲ್ಲಿದೆ. ಪಠ್ಯಪುಸ್ತಕ ಅದನ್ನು ಎರಡು ಸಾಲಿನಲ್ಲಿ ಹೇಳಿಬಿಡುತ್ತಿತ್ತು. ಇಲ್ಲಿ ಓದುವವರೇ ಕಟ್ಟಿಕೊಳ್ಳಬೇಕು. ಕೊನೆಗೆ ಇಡೀ ಕ್ಲಾಸಿಗೆ ಕೊಟ್ಟೆ, ಆ ಖಾಲಿ ಜಾಗವನ್ನೇ ಬರೆಯಿರಿ ಅಂದೆ. ಕೊಡೆ ಗಾಳಿಗೆ ಹಾರಿತು ಅಂದವರು ಹಲವರು. ಅಜ್ಜಿಗೆ ಕೊಟ್ಟಳು ಅಂತ ಬರೆದವಳು ಅದೇ ಹಿಂದಿನ ಬೆಂಚಿನವಳು. "ಬಸ್ಸಿನಲ್ಲಿ ಕಂಡಕ್ಟರ್ ಒದ್ದೆ ಕೊಡೆ ಒಳಗೆ ತರಬೇಡ ಅಂದ" ಅಂತ ಬರೆದವನ ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್.

ಎಚ್‌ಎಂ ಆ ನೋಟ್‌ಬುಕ್ಕುಗಳನ್ನು ತಿರುವಿ ನೋಡಿದರು. "ಹತ್ತನೇ ಕ್ಲಾಸ್ ಪೇಪರಲ್ಲಿ ಕ್ಲೂ ಕೊಟ್ಟು ಕಥೆ ಬರೆಸ್ತಾರಲ್ಲ, ಅದೇ ಅಲ್ವಾ ಇದು?" ಅಂದರು. ಹೌದು ಸರ್ ಅಂದೆ. ಅವತ್ತಿಂದ ಅವರು ಮಂಗಾ ಅಂತಲೇ ಕರೆಯೋಕೆ ಶುರು ಮಾಡಿದರು. ಡೈರಿಯಲ್ಲಿ ಮಾತ್ರ ಈಗಲೂ ಚಿತ್ರಕಥೆ.

ಹಿಂದಿ ಮೇಡಂ, ಟಿವಿ, ಕನ್ನಡ ಮೇಷ್ಟ್ರು

ಅನಿಮೆ, ಅಂದರೆ ಜಪಾನಿನ ಕಾರ್ಟೂನು, ತೋರಿಸಿ ಅಂತ ಒತ್ತಾಯ ಮಾಡಿದ್ದು ಹಿಂದಿ ಮೇಡಂ. ಅವರ ಅನುಭವ ದೊಡ್ಡದು. ಡೋರೆಮಾನ್ 2005ರಿಂದ ಇಲ್ಲಿ ಹಿಂದಿಯಲ್ಲಿ ಬರುತ್ತಿದೆ, ಹಿಂದೆಯೇ ಶಿನ್‌ಚಾನ್ ಬಂತು. "ಆರನೇ ಕ್ಲಾಸಿಗೆ ಬರೋ ಹೊತ್ತಿಗೇ ಮಕ್ಕಳಿಗೆ ಹಿಂದಿ ಅರ್ಥ ಆಗುತ್ತೆ, ನಾನೇನೂ ಕಲಿಸಿಲ್ಲ" ಅಂತ ಅವರೇ ಹೇಳುತ್ತಾರೆ. ಇಂಗ್ಲಿಷಿಗೂ ಹಾಗೇ ಆಗಲಿ ಅನ್ನೋದು ಅವರ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮಕ್ಕಳು ವರ್ಷಗಟ್ಟಲೆ, ದಿನಾ ಗಂಟೆಗಟ್ಟಲೆ, ಯಾರೂ ಪ್ರಶ್ನೆ ಕೇಳದ ಕಡೆ ಕೂತು ಹಿಂದಿ ಕಲಿತರು. ನನ್ನ ಹತ್ತಿರ ಇದ್ದದ್ದು 40 ನಿಮಿಷದ ಪೀರಿಯಡ್ಡು.

ಆದರೂ ಸ್ಮಾರ್ಟ್ ಕ್ಲಾಸ್ ಟಿವಿಯಲ್ಲಿ ಹತ್ತು ನಿಮಿಷದ ತುಣುಕೊಂದನ್ನು ಇಂಗ್ಲಿಷ್ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟು ಹಾಕಿದೆ. ಎರಡೇ ನಿಮಿಷಕ್ಕೆ ಗಲಾಟೆ. "ಮಿಸ್, ಅವಳು ಹೇಳೋದೊಂದು, ಕೆಳಗೆ ಬರೋದೊಂದು!" ಟಿವಿ ಕೆಟ್ಟಿರಲಿಲ್ಲ. ಅನಿಮೆಯಲ್ಲಿ ಸಬ್‌ಟೈಟಲ್ಲನ್ನು ಜಪಾನಿ ಮಾತಿಗೆ ಹತ್ತಿರ ಇಟ್ಟು ಅನುವಾದ ಮಾಡುತ್ತಾರೆ. ಡಬ್ಬಿಂಗನ್ನು ಪಾತ್ರದ ತುಟಿ ಅಲುಗಾಟಕ್ಕೆ ಹೊಂದುವ ಹಾಗೆ ಬೇರೆ ಬರೆಯುತ್ತಾರೆ. ಹಾಗಾಗಿ ಎರಡೂ ಇಂಗ್ಲಿಷೇ, ಎರಡೂ ಬೇರೆ. ನಾನು ನಿಲ್ಲಿಸಿ ಬಿಡೋಣ ಅಂದುಕೊಂಡೆ. ಹಿಂದೆ ಕುರ್ಚಿ ಹಾಕಿ ಕೂತಿದ್ದ ಸೀನಿಯರ್ ಸರ್ "ನಿಲ್ಸಿ, ನಿಲ್ಸಿ, ಅದೇ ಸಾಲು ಮತ್ತೆ ಹಾಕಿ" ಅಂದರು. ಬೋರ್ಡಿನ ಹತ್ತಿರ ಬಂದರು. ಎಡಕ್ಕೆ ಕೇಳಿದ್ದು, ಬಲಕ್ಕೆ ಓದಿದ್ದು. "ಇದು ಯಾರಿಗೆ ಹೇಳೋ ಥರ ಇದೆ? ಇದು ಎಚ್‌ಎಂಗೆ ಹೇಳ್ಬಹುದಾ?" ಪೀರಿಯಡ್ಡು ಮುಗಿದ ಗಂಟೆ ಹೊಡೆದರೂ ಅವರು ಮೂರನೇ ಸಾಲಿನಲ್ಲೇ ಇದ್ದರು. ರಜೆ ಚೀಟಿಯ ಹುಡುಗನನ್ನೇ ಕರೆದು, "ಗಾಟ್ಟ ಯಾವ ಕಡೆ ಬರೀತೀಯಾ?" ಅಂತ ಕೇಳಿದರು. ಅವನು ಎಡಕ್ಕೆ ಬರೆದ, ಸರಿಯಾಗಿ.

ಕನ್ನಡ ಮೇಷ್ಟ್ರು ಇದರಲ್ಲಿ ತಲೆ ಹಾಕಿರಲಿಲ್ಲ. ಅವರನ್ನು ಎಳೆದಿದ್ದು ಸದ್ದು. ಮಂಗಾ ಪುಟದಲ್ಲಿ ಸದ್ದುಗಳು ಹಲವು ಸಲ ದೊಡ್ಡ ಜಪಾನಿ ಅಕ್ಷರದಲ್ಲೇ ಉಳಿದಿರುತ್ತವೆ, ಪಕ್ಕದಲ್ಲಿ ಚಿಕ್ಕದಾಗಿ ಇಂಗ್ಲಿಷ್. ಎದೆ ಬಡಿತಕ್ಕೆ ಅವರಲ್ಲಿ ದೊಕಿದೊಕಿ. ಜೋರು ಮಳೆಗೆ ಝಾಝಾ. ಮಿನುಗುವುದಕ್ಕೆ ಕಿರಕಿರ. ಕೊನೆಯದನ್ನು ಕೇಳಿ ಮಕ್ಕಳು ಬಿದ್ದು ಬಿದ್ದು ನಕ್ಕರು, ನಮಗೆ ಕಿರಿಕಿರಿ ಅಂದರೆ ಬೇರೆ ಅಲ್ವಾ. ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಆ ಪಟ್ಟಿ ನೋಡಿ, "ಇವೆಲ್ಲ ನಮ್ಮ ಅನುಕರಣಾವ್ಯಯಗಳೇ!" ಅಂದರು. ದೊಕಿದೊಕಿಗೆ ಡವಡವ. ಝಾಝಾಗೆ ಧೋ. ಕಿರಕಿರಕ್ಕೆ ಮಿಣಮಿಣ. ಸದ್ದೇ ಇಲ್ಲದ ಬೆಳಕಿಗೂ ಪದ ಇರುವ ಭಾಷೆಗಳು ಇವೆರಡೂ. ಇಂಗ್ಲಿಷಿನಲ್ಲಿ ಅಷ್ಟಿಲ್ಲ. ಅಲ್ಲಿ "ಪೌಂಡಿಂಗ್", "ಗ್ಲಿಟರಿಂಗ್" ಅಂತ ಕ್ರಿಯಾಪದವೇ ಆ ಕೆಲಸ ಮಾಡಬೇಕು. ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಕ್ರಿಯಾಪದ ಯಾಕೆ ಅಷ್ಟೊಂದು ಬೇಕು ಅನ್ನೋದನ್ನು ಇಷ್ಟು ವರ್ಷದಲ್ಲಿ ನಾನು ಹೀಗೆ ಯೋಚಿಸಿರಲಿಲ್ಲ.

ಹೆಸರಿನ ಕೊನೆಗೆ ಬರುವ "ಸಾನ್", "ಸೆನ್ಸೈ" (ಮೇಷ್ಟ್ರು) ಕೂಡ ಹಾಗೇ. ಇಂಗ್ಲಿಷಿನಲ್ಲಿ ಅದಕ್ಕೆ ಸಮ ಇಲ್ಲ ಅಂತ ಅನುವಾದಕರು ಹಲವು ಸಲ ಹಾಗೇ ಬಿಡುತ್ತಾರೆ. ನಮ್ಮ ಮಕ್ಕಳಿಗೆ ವಿವರಣೆಯೇ ಬೇಕಾಗಲಿಲ್ಲ. "ಅಣ್ಣ, ಅಕ್ಕ, ಅವ್ರು ಅನ್ನೋ ಥರ" ಅಂದರು. ಒಂದು ವಾರ ನಾನು ಸೆನ್ಸೈ ಆಗಿದ್ದೆ.

ಪೋಷಕರ ಕಡೆಯಿಂದ ಬಂದದ್ದು ಒಂದೇ ದೂರು, ಅದು ಗಟ್ಟಿಯಾಗಿತ್ತು. ಒಬ್ಬ ತಂದೆ ಫೋನ್ ತಂದು ತೋರಿಸಿದರು. ಮಗ ರಾತ್ರಿ ನೋಡುತ್ತಿದ್ದ ಅನಿಮೆಯಲ್ಲಿ ರಕ್ತ, ಕಡಿದ ಕೈ. "ಸ್ಕೂಲಲ್ಲೇ ಇದನ್ನ ಕಲಿಸ್ತಾರೆ ಅಂತಾನೆ ಮೇಡಂ." ಕಾರ್ಟೂನು ಅಂದರೆ ಚಿಕ್ಕ ಮಕ್ಕಳದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಜಪಾನಿನಲ್ಲಿ ಹುಡುಗರಿಗೆ ಶೋನೆನ್, ಹುಡುಗಿಯರಿಗೆ ಶೋಜೊ, ವಯಸ್ಸಿಗೆ ಬಂದ ಗಂಡಸರಿಗೆ ಸೇನೆನ್, ಹೆಂಗಸರಿಗೆ ಜೋಸೇ ಅಂತ ಪತ್ರಿಕೆಗಳೇ ಬೇರೆ ಬೇರೆ. ಅಂಗೈಯಲ್ಲಿ ಬರುವಾಗ ಆ ಗೋಡೆ ಇರೋಲ್ಲ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಕ್ಲಾಸಿಗೆ ತರುವ ಎಂಟು ಪುಟಕ್ಕೆ ನಾನು ಜವಾಬ್ದಾರಿ, ಉಳಿದದ್ದಕ್ಕೆ ಅಲ್ಲ ಅಂತ ಹೇಳಿದೆ. ಅವರು ಒಪ್ಪಿದ ಹಾಗೆ ಕಾಣಲಿಲ್ಲ.

ಅಮೃತಾಪುರದ ಗೋಡೆ

ಡಿಸೆಂಬರಿನಲ್ಲಿ ಸಮಾಜ ವಿಜ್ಞಾನದ ಸರ್ ಒಂಬತ್ತನೆಯವರನ್ನು ಅಮೃತಾಪುರಕ್ಕೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. 1196ರಲ್ಲಿ ಹೊಯ್ಸಳ ರಾಜ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಅಲ್ಲಿನ ಶಾಸನದ ಪದ್ಯ ಜನ್ನ ಕವಿಯದು. ಮುಖಮಂಟಪದ ಹೊರಗೋಡೆ ಸುತ್ತ ಚಿಕ್ಕ ಚಿಕ್ಕ ಚೌಕಗಳಲ್ಲಿ ಕಥೆ ಕೆತ್ತಿದ್ದಾರೆ. ಉತ್ತರದ ಕಡೆ ಕೃಷ್ಣನ ಕಥೆಗೆ 25 ಚೌಕ, ಮಹಾಭಾರತಕ್ಕೆ 45. ದಕ್ಷಿಣದ ಕಡೆ ರಾಮಾಯಣ, 70 ಚೌಕ.

ಸರ್ ಚೆನ್ನಾಗಿ ಹೇಳುತ್ತಾರೆ. ಹೊಯ್ಸಳರ ಗುಡಿಯಲ್ಲಿ ಕಥೆ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುವುದು ರೂಢಿ, ಇಲ್ಲಿ ರಾಮಾಯಣ ಮಾತ್ರ ಅಪ್ರದಕ್ಷಿಣೆಯಲ್ಲಿ ಸಾಗುತ್ತದೆ, ಇದು ಅಪರೂಪ ಅಂದರು. ಉತ್ತರದ ಗೋಡೆ ಮುಂದೆ ಒಬ್ಬ ಹುಡುಗ ನಿಂತೇ ಬಿಟ್ಟ. ಚೌಕದಿಂದ ಚೌಕಕ್ಕೆ ಬೆರಳು ತೋರಿಸುತ್ತಾ ಎಡಕ್ಕೆ ಸರಿಯುತ್ತಿದ್ದ. "ಸರ್, ಇದು ಮಂಗಾ ಓದೋ ಕಡೆಯಿಂದ ಬರುತ್ತೆ!"

ಲೆಕ್ಕ ಹಾಕಿ ನೋಡಿ. ಪ್ರದಕ್ಷಿಣೆ ಹಾಕುವಾಗ ಗುಡಿ ನಮ್ಮ ಬಲಕ್ಕಿರುತ್ತದೆ. ಗೋಡೆಗೆ ಮುಖ ಮಾಡಿ ನಿಂತರೆ ನಾವು ಸಾಗಬೇಕಾದ್ದು ಎಡಕ್ಕೆ. ಅಂದರೆ ಕಥೆ ಬಲದಿಂದ ಎಡಕ್ಕೆ. ದಕ್ಷಿಣದ ಗೋಡೆಯ ರಾಮಾಯಣ ಎಡದಿಂದ ಬಲಕ್ಕೆ, ನಮ್ಮ ಪುಸ್ತಕದ ಹಾಗೆ. ಮಕ್ಕಳು ಆ ಕಡೆ ಓಡಿ ನೋಡಿ ಬಂದರು, ಈ ಕಡೆ ಓಡಿ ನೋಡಿ ಬಂದರು. ಜಪಾನಿಗೂ ಅಮೃತಾಪುರಕ್ಕೂ ಏನೂ ಸಂಬಂಧ ಇಲ್ಲ, ಇದನ್ನು ಅವರಿಗೂ ಹೇಳಿದೆ.

ಸರ್ ಬದಲಾಗಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅಮೃತಾಪುರದ ಗೋಡೆ ನೋಡೋಕೆ ಜಪಾನ್ ಯಾಕೆ ಬೇಕಿತ್ತು ಹೇಳಿ ಮೇಡಂ?" ಅಂದರು. ಸ್ವಲ್ಪ ಬೇಜಾರಿತ್ತು ದನಿಯಲ್ಲಿ. ಇಷ್ಟು ವರ್ಷದಿಂದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿರುವವರು ಅವರು. ಆ ಬೇಜಾರು ನನಗೆ ಅರ್ಥವಾಯಿತು.

ವರ್ಷದ ಕೊನೆಯ ಪರೀಕ್ಷೆಗೆ ಮುಂಚಿನ ಅಭ್ಯಾಸ ಪೇಪರನ್ನು ಸೀನಿಯರ್ ಸರ್ ತಯಾರಿಸಿದರು. ಅದರಲ್ಲಿ ಅವರೇ ಕೈಯಲ್ಲಿ ಬರೆದ ನಾಲ್ಕು ಚೌಕ ಇತ್ತು. ಬಳೆ ಇಟ್ಟು ಗೀಚಿದ ಹಾಗಿದ್ದ ದುಂಡು ಗುಳ್ಳೆಗಳು. ಒಳಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಲ್ಲಾ ಕ್ರಮವಾಗಿ. ಸಂಭಾಷಣೆಯನ್ನು ರಿಪೋರ್ಟೆಡ್ ಸ್ಪೀಚಿನಲ್ಲಿ ಬರೆಯಿರಿ ಅಂತ ಪ್ರಶ್ನೆ. ಹಿಂದಿನ ಬೆಂಚಿನ ಹುಡುಗಿ ಉತ್ತರ ಬರೆದಿದ್ದಳು. ವ್ಯಾಕರಣ ಸರಿ ಇತ್ತು, ಕಥೆ ಉಲ್ಟಾ. ನಾಲ್ಕನೇ ಚೌಕದಿಂದ ಶುರು ಮಾಡಿ ಒಂದಕ್ಕೆ ಬಂದಿದ್ದಳು, ಬಲದಿಂದ ಎಡಕ್ಕೆ.

ಅಂಕ ಎಷ್ಟು ಕೊಡಬೇಕು ಅಂತ ನಾನೂ ಸರ್ ಕೂಡ ಒಂದು ಟೀ ಆರುವಷ್ಟು ಹೊತ್ತು ವಾದ ಮಾಡಿದೆವು. ಅವರು ಪೂರ್ತಿ ಕೊಡಲಿಲ್ಲ, ಕಳೆಯಲೂ ಇಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರು. ಆಮೇಲೆ ಪೇಪರನ್ನು ಮತ್ತೆ ಎಳೆದುಕೊಂಡು, ತಾವೇ ಬರೆದಿದ್ದ ಪ್ರಶ್ನೆಯ ಪಕ್ಕ ಕೆಂಪು ಪೆನ್ನಿನಲ್ಲಿ ಒಂದು ಬಾಣದ ಗುರುತು ಹಾಕಿದರು.